ಸಮಸ್ಯೆ: ಗೆದ್ದವನೆ ಸೋತವನ ದೇವಿಗೆ ಕೈಯ ಮುಗಿದಿಹನು

ಸಂಚಾಲಕಿ:
ಎಲ್ಲರಿಗೂ ನಮಸ್ಕಾರ. ಈ ವಾರ ಭಾಮಿನಿ ಷಟ್ಪದಿ. ಆರನೆಯ ಸಾಲು ನನ್ನದು, ಮೇಲಿನ ಐದು ನಿಮ್ಮದು.

ಗೆದ್ದವನೆ ಸೋತವನ ದೇವಿಗೆ ಕೈಯ ಮುಗಿದಿಹನು

ಸಮಸ್ಯೆ ಗಾಳಿಯಲ್ಲಿ ತೇಲಬಾರದು ಅಂತ ಒಂದು ನೆಲ ಕೊಡುತ್ತೇನೆ. ಪೂರಣ ಆ ನೆಲದ ಮೇಲೇ ನಿಲ್ಲಬೇಕು. ಕ್ರಿ.ಪೂ. 52ರಲ್ಲಿ ಅಲೇಸಿಯಾದಲ್ಲಿ ಸೀಸರ್ ಗಾಲರನ್ನು ಸೋಲಿಸಿದ. ಈಗಿನ ಫ್ರಾನ್ಸಿನ ಬಹುಭಾಗ ರೋಮಿನ ಕೈಗೆ ಹೋಯಿತು. ಸೋತ ಊರಿನ ದೇವರುಗಳು ಸಾಮಾನ್ಯವಾಗಿ ಊರಲ್ಲೇ ಉಳಿಯುತ್ತಾರೆ. ಆದರೆ ಅವರಲ್ಲಿ ಒಬ್ಬಳು ಕುದುರೆ ಏರಿ ಹೊರಟಳು. ಹೆಸರು ಎಪೋನಾ. ಗಾಲರ ಮಾತಿನಲ್ಲಿ ‘ಎಪೊಸ್’ ಅಂದರೆ ಕುದುರೆ. ನಮ್ಮ ‘ಅಶ್ವ’, ಲ್ಯಾಟಿನ್ನಿನ ‘ಎಕ್ವಸ್’, ಎಲ್ಲ ಒಂದೇ ಬೇರಿನವು. ಕುದುರೆ, ಹೇಸರಗತ್ತೆ, ಕತ್ತೆ, ಅವನ್ನು ನೋಡಿಕೊಳ್ಳುವವರು, ಎಲ್ಲರೂ ಅವಳ ಮಕ್ಕಳು. ರೋಮಿನ ರಾವುತರು ಅವಳನ್ನು ರೈನ್, ಡ್ಯಾನ್ಯೂಬ್ ದಂಡೆಗೂ ಬ್ರಿಟನ್ನಿಗೂ ಹೊತ್ತುಕೊಂಡು ಹೋದರು. ಇಟಲಿಯ ಮಾಂಟುವಾ ಹತ್ತಿರ ಗ್ವಿಡಿಝೋಲೋದಲ್ಲಿ ಸಿಕ್ಕ ಹಳೆಯ ಪಂಚಾಂಗದಲ್ಲಿ ಡಿಸೆಂಬರ್ 18 ಅವಳ ದಿನ. ಗಾಲರ ದೇವತೆಗಳಲ್ಲಿ ರೋಮಿನ ಪಂಚಾಂಗಕ್ಕೆ ಹೊಕ್ಕವಳು ಇವಳೊಬ್ಬಳೇ.

ನಿಯಮ ಎಂದಿನದೇ. ಮಾತ್ರೆಗಳ ಗಣ ಮೂರು ನಾಲ್ಕು ಮೂರು ನಾಲ್ಕು (ಲಘು ಅಂದರೆ ಒಂದು ಮಾತ್ರೆ, ಗುರು ಅಂದರೆ ಎರಡು). ಮೂರನೆಯ ಮತ್ತು ಆರನೆಯ ಸಾಲಿಗೆ ಇನ್ನೊಂದು ಮೂರು ನಾಲ್ಕು, ಕೊನೆಗೆ ಒಂದು ಗುರು, ಅಲ್ಲಿ ಲಘು ಬಂದರೂ ಗುರು ಅಂತಲೇ ಎಣಿಸಿ. ಪ್ರಾಸ, ಅಂದರೆ ಎಲ್ಲ ಸಾಲಿನ ಎರಡನೆಯ ಅಕ್ಷರ ಒಂದೇ ಇರುವುದು, ಬಿಡುವಂತಿಲ್ಲ. ಈ ಪ್ರಾಸವನ್ನು ಸುಮ್ನೆ ಆರಿಸಿದ್ದಲ್ಲ. ಏಕೆ ಅಂತ ಮೊದಲು ಹೇಳಿದವರಿಗೆ ನನ್ನ ಕಡೆಯಿಂದ ಒಂದು ಕಾಫಿ.

ಭಾಮಿನಿಪ್ರಿಯ:
ಅಕ್ಕ, ಬೋಣಿ ನನ್ನದು.

ಬಿದ್ದ ಗಾಲರ ಕೋಟೆ ಬಾಗಿಲೊ
ಳೆದ್ದ ಧೂಳಿನ್ನಿಳಿಯಲಿಲ್ಲವು
ಸದ್ದಿರದೆ ರೋಮನರ ರಾವುತನೊಬ್ಬ ಲಾಯದಲಿ
ಮುದ್ದು ಕುದುರೆಯ ಮೈಯ ತಿಕ್ಕುತ
ಲುದ್ದ ಕಂಬದ ಗೂಡಿನೆದುರಲಿ
ಗೆದ್ದವನೆ ಸೋತವನ ದೇವಿಗೆ ಕೈಯ ಮುಗಿದಿಹನು

ಲಘುಗುರು:
‘ಸದ್ದಿರದೆ’ ತುಂಬಾ ಚೆನ್ನಾಗಿದೆ. ಗೆದ್ದವನು ಕದ್ದುಮುಚ್ಚಿ ಕೈ ಮುಗಿಯುತ್ತಿದ್ದಾನೆ ಅನ್ನುವುದು ಆ ಒಂದು ಪದದಲ್ಲೇ ಬಂತು. ಆದರೆ ಧೂಳಿನ ವಿಷಯದಲ್ಲಿ ಒಂದು ತಕರಾರು. ಅಲೇಸಿಯಾ ಬಿದ್ದದ್ದಕ್ಕೂ ರೋಮಿನ ಕವಿಯೊಬ್ಬ ಇವಳ ಹೆಸರು ಬರೆದದ್ದಕ್ಕೂ ನಡುವೆ ನೂರೈವತ್ತು ವರ್ಷಕ್ಕೂ ಜಾಸ್ತಿ. ಅಷ್ಟು ದಿನ ಧೂಳು ಗಾಳಿಯಲ್ಲೇ ನಿಂತಿತ್ತೇ?

ಭಾಮಿನಿಪ್ರಿಯ:
ಷಟ್ಪದಿಯಲ್ಲಿ ಧೂಳು ನಿಧಾನವಾಗಿ ಇಳಿಯುತ್ತದೆ ಸಾರ್. ಕಂದದಲ್ಲಿ ಬರೆದಿದ್ದರೆ ಬೇಗ ಇಳಿಯುತ್ತಿತ್ತು.

ಹೊಸಬ:
ಮೊದಲ ಸಲ ಪ್ರಯತ್ನಿಸುತ್ತಿದ್ದೇನೆ. ಎರಡು ಸಾಲಿಗೇ ಬೆವರು ಬಂತು. ಇದು ಸರಿಯಾ ಹೇಳಿ, ಮುಂದಕ್ಕೆ ಹೋಗುತ್ತೇನೆ.

ಯುದ್ಧ ಮುಗಿಯಿತು ಗಾಲ ದೇಶದ
ಲೆದ್ದಳೆಪೋನ ಕುದುರೆಯನೇರಿ

ಸಂಚಾಲಕಿ:
ಸ್ವಾಗತ ತಮ್ಮಾ. ಮೊದಲ ಸಾಲಿನ ಮಾತ್ರೆ ಪಕ್ಕಾ ಇದೆ. ‘ದೇಶದಲ್ಲಿ ಎದ್ದಳು’ ಅನ್ನುವುದನ್ನು ಸಾಲಿನ ತುದಿಯಲ್ಲಿ ಮುರಿದು ‘ಲೆದ್ದಳು’ ಅಂತ ಎತ್ತಿಕೊಂಡಿದ್ದು ನೋಡಿದರೆ ನೀವು ಅಷ್ಟೇನೂ ಹೊಸಬರಲ್ಲ ಅನಿಸುತ್ತದೆ. ಆದರೆ ತೊಂದರೆ ಎರಡು ಕಡೆ ಇದೆ. ಒಂದು, ಮೊದಲ ಸಾಲಿನ ಎರಡನೆಯ ಅಕ್ಷರ. ಸಮಸ್ಯೆಯಲ್ಲಿ ಇರುವುದು ‘ದ್ದ’, ನಿಮ್ಮದು ‘ದ್ಧ’. ಬೇರೆ ದಿನವಾಗಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಈ ಸಲ ಆಗುವುದಿಲ್ಲ, ಕಾರಣ ಇದೆ.

ಲಘುಗುರು:
ಅಯ್ಯೋ, ಈಗ ಹೊಳೆಯಿತು! ಅದೇ ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಬಂದರೆ ಅದು ದಡ್ಡಕ್ಕರ. ನಾಗವರ್ಮನ ಛಂದೋಂಬುಧಿ ಆರು ಪ್ರಾಸಗಳಿಗೆ ಪ್ರಾಣಿಗಳ ಹೆಸರಿಟ್ಟಿದೆ. ಸಿಂಹ, ಗಜ, ವೃಷಭ, ಅಜ, ಶರಭ, ಹಯ. ದಡ್ಡಕ್ಕರದ ಪ್ರಾಸ ಯಾವುದು? ಹಯಪ್ರಾಸ. ಕುದುರೆ ದೇವಿಗೆ ಕುದುರೆಯ ಪ್ರಾಸ! ಅಕ್ಕ, ನಿಮ್ಮ ತಲೆ ತಲೆ. ನನ್ನ ಕಾಫಿಗೆ ಸಕ್ಕರೆ ಕಡಿಮೆ.

ಹೊಸಬರೇ, ಬೇರೆ ಬೇರೆ ವ್ಯಂಜನ ಸೇರಿದ ಒತ್ತಕ್ಷರಕ್ಕೆ ಶರಭಪ್ರಾಸ ಅನ್ನುತ್ತಾರೆ. ನಿಮ್ಮ ‘ಯುದ್ಧ’ದಲ್ಲಿ ದಕಾರಕ್ಕೆ ಧಕಾರ ಅಂಟಿದೆ. ಕುದುರೆ ಲಾಯಕ್ಕೆ ಶರಭ ನುಗ್ಗಿದ ಹಾಗಾಯಿತು. ಕುದುರೆಗಳು ಹಗ್ಗ ಕಿತ್ತುಕೊಳ್ಳುತ್ತವೆ.

ಸಂಚಾಲಕಿ:
ಕಾಫಿ ಗ್ಯಾರಂಟಿ. ಎರಡನೆಯ ತೊಂದರೆ ಹೆಸರಿನದು. ‘ಎಪೋನಾ’ ಲಘು, ಗುರು, ಗುರು. ಗಣದ ತಲೆಯಲ್ಲಿ ಲಘುವಿನ ಬೆನ್ನಿಗೇ ಗುರು ಬಂದರೆ ಭಾಮಿನಿ ಎಡವುತ್ತದೆ. ನಿಮ್ಮ ‘ಳೆಪೋ’ ಹತ್ತಿರ ಜೋರಾಗಿ ಓದಿ ನೋಡಿ, ನಾಲಿಗೆಗೇ ತಿಳಿಯುತ್ತದೆ. ಸಮಸ್ಯೆ ಕಟ್ಟುವಾಗ ನಾನೂ ಮೂರು ಸಲ ಆ ಹೆಸರು ತುರುಕಲು ನೋಡಿದೆ, ಆಗಲಿಲ್ಲ. ‘ದೇವಿ’ ಅಂತ ಹಾಕಿ ತಪ್ಪಿಸಿಕೊಂಡೆ.

ಭಾಮಿನಿಪ್ರಿಯ:
ಸಂಧಿ ಮಾಡಿದರೆ ಕೂರುತ್ತದೆ ಅಕ್ಕ. ‘ಎ’ಯನ್ನು ಹಿಂದಿನ ಗಣದ ಬಾಲಕ್ಕೆ ಕಟ್ಟಿ. ದೇವಿಯೆ, ಪೋನ. ನಾಲ್ಕು, ಮೂರು.

ಎದ್ದು ದೇವಿಯೆಪೋನ ಬಂದಳು

ಲ್ಯಾಟಿನ್ ಮೇಷ್ಟ್ರು:
ಇಷ್ಟೆಲ್ಲ ಒದ್ದಾಟ ಬೇಕಿರಲಿಲ್ಲ. ಚಿಕ್ಕಂದಿನಲ್ಲಿ ಸೆಮಿನರಿಯಲ್ಲಿ ಲ್ಯಾಟಿನ್ ಬಾಯಿಪಾಠ ಮಾಡಿದವನು ನಾನು. ಪಾದ್ರಿ ಆಗಲಿಲ್ಲ, ಮಾತ್ರೆ ಎಣಿಸುವ ಚಟ ಮಾತ್ರ ಉಳಿಯಿತು. ಅವಳ ಹೆಸರಿನಲ್ಲಿ ‘ಪೋ’ ದೀರ್ಘ ಅಲ್ಲ. ಲ್ಯಾಟಿನ್ ಪದ್ಯವೂ ಅಕ್ಷರದ ಉದ್ದ ನೋಡಿಯೇ ನಡೆಯುವುದು, ನಮ್ಮ ಹಾಗೇ. ರೋಮಿನ ಕವಿ ಜುವೆನಾಲ್ ತನ್ನ ಎಂಟನೆಯ ವಿಡಂಬನೆಯಲ್ಲಿ ಇವಳ ಹೆಸರು ಹಾಕಿದ್ದಾನೆ. ಅಲ್ಲಿ ಒಂದು ಗುರುವಿನ ಹಿಂದೆ ‘ಎಪೊ’ ಎರಡು ಲಘುವಾಗಿ ಬಂದರೆ ಮಾತ್ರ ಸಾಲು ನಡೆಯುತ್ತದೆ. ಆದ್ದರಿಂದ ಎಪೊನ. ಮೂರು ಲಘು. ಭಾಮಿನಿಯ ಮೊದಲ ಗಣಕ್ಕೇ ಅಳತೆ ಕೊಟ್ಟು ಹೊಲಿಸಿದ ಹಾಗಿದೆ, ಅಲ್ವಾ?

ಸಂಚಾಲಕಿ:
ಮೇಷ್ಟ್ರೇ, ಇದನ್ನು ನಿನ್ನೆಯೇ ಹೇಳಬಾರದಿತ್ತೇ! ಜುವೆನಾಲನ ಕತೆ ಪೂರ್ತಿ ಹೇಳಿ. ಪದ್ಯದ ಸಮೇತ.

ಲ್ಯಾಟಿನ್ ಮೇಷ್ಟ್ರು:
ಲ್ಯಾಟರಾನಸ್ ಅನ್ನುವ ಒಬ್ಬ ಕಾನ್ಸಲ್. ಅಂದರೆ ದೇಶದ ಅತಿ ದೊಡ್ಡ ಹುದ್ದೆ. ಇವನಿಗೆ ಗಾಡಿ ಹೊಡೆಯುವ ಹುಚ್ಚು. ದೊಡ್ಡ ಮನುಷ್ಯರು ತಾವೇ ಗಾಡಿ ಹೊಡೆಯುವುದು ಆಗ ಮರ್ಯಾದೆಗೇಡು. ಅದಕ್ಕೇ ರಾತ್ರಿ ಹೊಡೆಯುತ್ತಾನೆ, ಅದೂ ತನ್ನ ಹಿರಿಯರ ಸಮಾಧಿಗಳ ಪಕ್ಕದಲ್ಲೇ. ರಾತ್ರಿಯೇನೋ ಸರಿ, ಚಂದ್ರ ನೋಡುತ್ತಾನಲ್ಲ ಅಂತ ಜುವೆನಾಲ್ ಕುಟುಕುತ್ತಾನೆ. ಆಮೇಲೆ ಜೂಪಿಟರನ ಬಲಿಪೀಠದ ಮುಂದೆ ನಿಂತು ಈ ಮಹಾಶಯ ಆಣೆ ಇಡುವುದು ಯಾರ ಮೇಲೆ? ಎಪೊನಳ ಮೇಲೆ, ನಾರುವ ಲಾಯದ ಗೋಡೆಯಲ್ಲಿ ಬರೆದ ಮುಖಗಳ ಮೇಲೆ. ಬೇರೆ ಯಾರ ಮೇಲೂ ಇಲ್ಲ. ಜುವೆನಾಲನಿಗೆ ಇದು ನಗೆಪಾಟಲು. ನನಗೆ ಮಾತ್ರ ಅವನ ಮೇಲೆ ಸ್ವಲ್ಪ ಪ್ರೀತಿಯೇ. ಇಡೀ ರೋಮಿನಲ್ಲಿ ಅವನು ಮನಸ್ಸಿಟ್ಟು ನಂಬಿದ್ದು ಅವಳೊಬ್ಬಳನ್ನೇ.

ಎದ್ದು ನಡುರಾತ್ರಿಯಲಿ ರಥವನು
ಹದ್ದಿನಂದದಿ ಹೊಡೆವ ಕಾನ್ಸಲ
ಗದ್ದುಗೆಯ ಜೂಪಿಟರನೆದುರೇ ಲಾಯದಾಣೆಯನು
ಸದ್ದು ಮಾಡುತ ಹಾಕಿ, ಗೊಬ್ಬರ
ಹೊದ್ದ ಗೋಡೆಯ ಚಿತ್ರದಮ್ಮಗೆ
ಗೆದ್ದವನೆ ಸೋತವನ ದೇವಿಗೆ ಕೈಯ ಮುಗಿದಿಹನು

ಲಘುಗುರು:
‘ಗೊಬ್ಬರ ಹೊದ್ದ ಗೋಡೆ’! ಮೂಗಿಗೇ ಬಡಿಯಿತು. ಭಾಮಿನಿಪ್ರಿಯರ ರಾವುತ ಸದ್ದಿಲ್ಲದೆ ಮುಗಿದ, ನಿಮ್ಮ ಕಾನ್ಸಲ್ ಸದ್ದು ಮಾಡುತ್ತಾ ಮುಗಿದ. ಹದ್ದು ರೋಮಿನ ಪಡೆಯ ಲಾಂಛನ ಅನ್ನುವುದೂ ಒಳಗೆ ಕೂತಿದೆ. ಬೇಕಂತ ಹಾಕಿದ್ದೋ, ಪ್ರಾಸ ತಂದದ್ದೋ?

ಲ್ಯಾಟಿನ್ ಮೇಷ್ಟ್ರು:
ಪ್ರಾಸ ತಂದದ್ದು. ಬೇಕಂತ ಹಾಕಿದ್ದು ಅಂತ ಬರೆದುಕೊಳ್ಳಿ.

ಕತ್ತೆಬಾಲ:
ಕುದುರೆಯದೇ ಸುದ್ದಿ ಆಯಿತು. ಕತ್ತೆ ಕೂಡ ಅವಳ ಮಗುವೇ ಅಂತ ಅಕ್ಕ ಮೇಲೆ ಬರೆದಿದ್ದಾರೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ. ನನ್ನದು ಕತ್ತೆಯ ಪೂರಣ.

2ನೆಯ ಶತಮಾನದಲ್ಲಿ ಅಪುಲೇಯಸ್ ಬರೆದ ‘ಬಂಗಾರದ ಕತ್ತೆ’ಯ ಕತೆ ಇದು. ಲೂಸಿಯಸ್ ಹಕ್ಕಿಯಾಗಲು ಹೋಗಿ ತಪ್ಪು ಲೇಪ ಮೈಗೆ ಬಳಿದುಕೊಂಡು ಕತ್ತೆಯಾಗುತ್ತಾನೆ. ರೋಜಾ ಹೂ ತಿಂದರೆ ಮತ್ತೆ ಮನುಷ್ಯ. ಲಾಯಕ್ಕೆ ಹೋದರೆ ಅವನ ಸ್ವಂತ ಕುದುರೆಯೇ ಅವನನ್ನು ಮೇವಿನ ಹತ್ತಿರ ಸೇರಿಸುವುದಿಲ್ಲ, ಒದ್ದು ಓಡಿಸುತ್ತದೆ. ಆಗ ಕಣ್ಣೆತ್ತಿ ನೋಡುತ್ತಾನೆ. ಲಾಯದ ತೊಲೆ ಹೊತ್ತ ಕಂಬದ ನಡುವೆ ಒಂದು ಪುಟ್ಟ ಗೂಡು, ಒಳಗೆ ಎಪೊನ. ಗೂಡಿಗೆ ಸುತ್ತಿದ್ದು ಏನು? ಆಗತಾನೇ ಕಿತ್ತ ರೋಜಾ ಮಾಲೆ. ಹಿಂಗಾಲ ಮೇಲೆ ನಿಂತು ಕತ್ತು ಚಾಚುತ್ತಾನೆ. ಅಷ್ಟರಲ್ಲಿ ಕುದುರೆ ನೋಡಿಕೊಳ್ಳಲು ಅವನೇ ಇಟ್ಟುಕೊಂಡಿದ್ದ ಆಳು ಎದ್ದು ಬರುತ್ತಾನೆ. ಇಷ್ಟು ಹೊತ್ತು ಮೇವಿಗೆ ಬಾಯಿ ಹಾಕಿದ ಈ ಪ್ರಾಣಿ ಈಗ ದೇವರಿಗೂ ಬಾಯಿ ಹಾಕುತ್ತಿದೆಯಲ್ಲ ಅಂತ ಬಾರಿಸುತ್ತಾನೆ.

ಮದ್ದು ರೋಜಾ ಹೂವು ಕತ್ತೆಗೆ
ಕದ್ದು ಮೇಯಲು ಕತ್ತು ಚಾಚಲು
ಎದ್ದು ಬಂದನು ತನ್ನ ಮನೆಯಾಳೊಂದು ಕೋಲ್ವಿಡಿದು
ಒದ್ದು ಬಡಿದನು ಬೆನ್ನ ಮುರಿವೊಲು
ಬಿದ್ದ ದಳವನೆ ಗೂಡಿಗೇರಿಸಿ
ಗೆದ್ದವನೆ ಸೋತವನ ದೇವಿಗೆ ಕೈಯ ಮುಗಿದಿಹನು

ಲ್ಯಾಟಿನ್ ಮೇಷ್ಟ್ರು:
ಭಲೇ! ಬಿದ್ದ ದಳ ಎತ್ತಿ ಗೂಡಿಗೆ ಇಟ್ಟದ್ದು ಮೂಲದಲ್ಲಿ ಇಲ್ಲ. ಇರಬೇಕಿತ್ತು ಅನಿಸುವ ಹಾಗಿದೆ.

ಸಂಚಾಲಕಿ:
ನನಗೆ ಇಷ್ಟವಾದದ್ದು ಬೇರೆ. ಇಲ್ಲಿ ರೋಮೂ ಇಲ್ಲ, ಗಾಲೂ ಇಲ್ಲ. ಗೆದ್ದವನು ಆಳು, ಸೋತವನು ಕತ್ತೆಯಾದ ಯಜಮಾನ. ಸಮಸ್ಯೆಗೆ ನಾನು ಕೊಟ್ಟ ಅರ್ಥವನ್ನೇ ಪಕ್ಕಕ್ಕಿಟ್ಟು ಪೂರಣ ಮಾಡಿದ್ದೀರಿ. ಸಂತೋಷ.

ಹೊಸಬ:
ಒಂದು ಪ್ರಶ್ನೆ. ಇಂಗ್ಲೆಂಡಿನ ಉಫಿಂಗ್ಟನ್ ಗುಡ್ಡದ ಮೇಲೆ ಸುಣ್ಣದ ಬಿಳಿ ಕುದುರೆ ಇದೆಯಲ್ಲ, ಅದೂ ಇವಳದೇ ಅಂತ ಎಲ್ಲೋ ಓದಿದೆ. ಪದ್ಯಕ್ಕೆ ಬಳಸಬಹುದೇ?

ಲಘುಗುರು:
ಅದು ರೋಮನ್ನರಿಗಿಂತ ಎಷ್ಟೋ ಶತಮಾನ ಹಳೆಯದು. ಮಣ್ಣು ಪರೀಕ್ಷೆ ಮಾಡಿದವರು ಕ್ರಿ.ಪೂ. 1380ರಿಂದ 550ರ ನಡುವೆ ಅಂದಿದ್ದಾರೆ. ಇವಳ ಜೊತೆ ಅದನ್ನು ಗಂಟು ಹಾಕುವುದು ಬರೀ ಊಹೆ. ಪದ್ಯಕ್ಕೆ ಬಳಸಿ, ಆದರೆ ಇತಿಹಾಸ ಅಂತ ಹೇಳಬೇಡಿ.

ಗಡಿಕಾವಲು:
ಬಹಳ ಹೊತ್ತಿನಿಂದ ಓದುತ್ತಿದ್ದೆ. ಒಂದು ಮಾತು ಹೇಳಲೇಬೇಕು. ಭಾಮಿನಿಪ್ರಿಯರೇ, ನಿಮ್ಮ ರಾವುತ ರೋಮಿನವನು ಅಂತ ಯಾರು ಹೇಳಿದ್ದು? ರೋಮಿನ ಸೈನ್ಯದಲ್ಲಿ ಕುದುರೆ ಪಡೆಗೆ ಜನ ಬರುತ್ತಿದ್ದದ್ದು ಜಾಸ್ತಿ ಸೋತ ನಾಡುಗಳಿಂದ. ಗಾಲರ ಹೆಸರಿನ ದಳಗಳೇ ಇದ್ದವು. ಬರ್ಗಂಡಿ ಕಡೆಯ ಶಿಲ್ಪಗಳಲ್ಲಿ ಅವಳು ಹೆಣ್ಣು ಕುದುರೆಯ ಮೇಲೆ ಕಾಲು ಒಂದೇ ಪಕ್ಕಕ್ಕೆ ಇಳಿಬಿಟ್ಟು ಕೂತಿದ್ದಾಳೆ, ಕೆಳಗೆ ಮರಿ. ಗಡಿಯ ಕಡೆಗೆ ಬಂದರೆ ಎರಡು ಕುದುರೆಗಳ ನಡುವೆ ಪೀಠದ ಮೇಲೆ ಕೂತ ರೂಪ ಜಾಸ್ತಿ. ಆ ದಾರಿ ಉದ್ದಕ್ಕೂ ಅವಳನ್ನು ಹೊತ್ತವರಲ್ಲಿ ಸೋತವರ ಮೊಮ್ಮಕ್ಕಳೂ ಇದ್ದರು. ಹಾಗಾದರೆ ನಮ್ಮ ಸಮಸ್ಯೆಯಲ್ಲಿ ಗೆದ್ದವನು ಯಾರು?

ಇದು ಬರೀ ಸವಾರರ ಭಕ್ತಿಯೂ ಅಲ್ಲ. ಸ್ಕಾಟ್ಲೆಂಡಿನ ಆಂಟೊನೈನ್ ಗೋಡೆಯ ಔಕೆನ್‌ಡೇವಿಯಲ್ಲಿ ಮಾರ್ಕಸ್ ಕೊಕ್ಕೆಯಸ್ ಫಿರ್ಮಸ್ ಅನ್ನುವ ಕಾಲಾಳು ಪಡೆಯ ನಾಯಕ ನಿಲ್ಲಿಸಿದ ಬಲಿಪೀಠ ಸಿಕ್ಕಿದೆ. ಮಾರ್ಸ್, ಮಿನರ್ವಾ, ಹರ್ಕ್ಯುಲಿಸ್, ವಿಜಯದೇವಿ, ಅವರ ನಡುವೆ ಎಪೊನ.

ಬಿದ್ದ ಗಾಲನ ಮೊಮ್ಮಗನೆ ತಾ
ನೆದ್ದು ರೋಮಿನ ಪಡೆಯ ಸೇರಿದ
ನಿದ್ದೆಗೆಟ್ಟಾ ರೈನು ನದಿಯನು ಕಾವ ಚಳಿಯೊಳಗೆ
ಒದ್ದೆ ಹುಲ್ಲಿನ ಕಮಟು ತಟ್ಟಲು
ಮುದ್ದಿನಜ್ಜಿಯ ಮಾತ ನೆನೆಯುತ
ಗೆದ್ದವನೆ ಸೋತವನ ದೇವಿಗೆ ಕೈಯ ಮುಗಿದಿಹನು

ಭಾಮಿನಿಪ್ರಿಯ:
ನಾನು ಸೋತೆ. ಇಲ್ಲಿ ಗೆದ್ದವನೂ ಅವನೇ, ಸೋತವನು ಅವನ ಅಜ್ಜ. ‘ಒದ್ದೆ ಹುಲ್ಲಿನ ಕಮಟು’ ಓದಿ ನಮ್ಮಜ್ಜನ ಕೊಟ್ಟಿಗೆಗೆ ಹೋಗಿ ಬಂದೆ. ನನ್ನ ಮೊದಲ ಪದ್ಯದ ‘ರೋಮನರ ರಾವುತ’ನನ್ನು ವಾಪಸ್ ತೆಗೆದುಕೊಳ್ಳಲೇ?

ಗಡಿಕಾವಲು:
ಬೇಡ ಸಾರ್. ಅವನೂ ಇರಲಿ. ಲಾಯದಲ್ಲಿ ಜಾಗ ಇದೆ.

ಸಂಚಾಲಕಿ:
ಸಮಸ್ಯೆ ಕೊಟ್ಟವಳು ಪೂರಣ ಮಾಡದೆ ಹೋದರೆ ಬೈಯುತ್ತೀರಿ. ಮ್ಯೂಸಿಯಮ್ಮುಗಳ ಆ ಕಲ್ಲಿನ ಚಿತ್ರಗಳನ್ನು ನೋಡುವಾಗ ನನ್ನ ಕಣ್ಣು ನಿಲ್ಲುವುದು ಅವಳ ಕೈ ಮೇಲೆ. ಸೈನಿಕರ ದೇವಿ, ಆದರೆ ಕೈಯಲ್ಲಿ ಆಯುಧ ಕಾಣುವುದಿಲ್ಲ. ಒಂದು ತಟ್ಟೆ, ಹಣ್ಣಿನ ಬುಟ್ಟಿ, ಇಲ್ಲವೇ ತೆನೆ. ಮೇಷ್ಟ್ರು ಕೊಟ್ಟ ಮೂರು ಲಘುವನ್ನೂ ಬಳಸಿದ್ದೇನೆ. ‘ಬಂದಳು ಎಪೊನ’ ವಿಸಂಧಿ, ಸಂಧಿ ಮಾಡದೆ ಬಿಟ್ಟ ತಪ್ಪು ಅಂತ ಗೊತ್ತು, ಲಘುಗುರು ಅವರು ದಯವಿಟ್ಟು ಕಾಫಿ ಕುಡಿಯುತ್ತಾ ಇರಿ.

ಇದ್ದುದೊಂದೇ ಮರಿಯು ಬಳಿಯಲಿ
ಗದ್ದೆ ತೆನೆಗಳು ಮಡಿಲ ತುಂಬಲು
ಗದ್ದಲವನೊಲ್ಲದೆಯೆ ಬಂದಳು ಎಪೊನ ತಾಯಮ್ಮ
ಹದ್ದ ಬಾವುಟವಿಲ್ಲ, ಕತ್ತಿಯ
ಸದ್ದೆಯಿಲ್ಲದ ತೆನೆಯ ಮಡಿಲಿಗೆ
ಗೆದ್ದವನೆ ಸೋತವನ ದೇವಿಗೆ ಕೈಯ ಮುಗಿದಿಹನು

ಲಘುಗುರು:
ಕುಡಿಯುತ್ತಾ ಇದ್ದೇನೆ. ವಿಸಂಧಿ ಕಾಣಿಸಲಿಲ್ಲ.

ಹೊಸಬ:
ಶರಭವನ್ನು ಓಡಿಸಿದೆ. ಹೆಸರನ್ನೂ ಮೂರು ಲಘು ಮಾಡಿ ಗಣದಲ್ಲಿ ಕೂರಿಸಿದೆ. ಇಲ್ಲೂ ವಿಸಂಧಿ ಇದೆ, ಅಕ್ಕನೇ ದಾರಿ ತೋರಿಸಿದ್ದಾರೆ.

ಸದ್ದು ಮುಗಿಯಿತು ಗಾಲ ದೇಶದ
ಲೆದ್ದಳಾಗಲೆ ಎಪೊನ ತಾಯಿಯು

ಮೂರನೆಯ ಸಾಲು ಉದ್ದ, ಎರಡು ದಿನದಿಂದ ಎಣಿಸುತ್ತಲೇ ಇದ್ದೇನೆ. ಡಿಸೆಂಬರ್ 18ರವರೆಗೆ ಸಮಯ ಕೊಡಿ.