ಡೊಮಿನಿಕಾದ ರೋಸೋ ಬಂದರು: ಅಪ್ಪ-ಅಮ್ಮನ ಜೊತೆ ಒಂದು ಹಗಲಲ್ಲಿ ಏನೇನು ನೋಡಬಹುದು?

ಹಾಸನದ_ಹುಡುಗ:

ನಾವಿರೋದು ಅಮೆರಿಕದಲ್ಲಿ. ಫೆಬ್ರವರಿಯಲ್ಲಿ ಪೋರ್ಟೊರಿಕೋದ ಸ್ಯಾನ್ ಹ್ವಾನ್‌ನಿಂದ ಹೊರಡುವ ಏಳು ರಾತ್ರಿಯ ಕ್ರೂಸ್ ಬುಕ್ ಮಾಡಬೇಕು ಅಂತಿದ್ದೀವಿ. ಒಂದು ದಿನ ಕೆರಿಬಿಯನ್ ದ್ವೀಪ ದೇಶ ಡೊಮಿನಿಕಾದ ರಾಜಧಾನಿ ರೋಸೋದಲ್ಲಿ ನಿಲ್ಲುತ್ತೆ, ಬೆಳಿಗ್ಗೆ 8ರಿಂದ ಸಂಜೆ 5. ನಾವಿಬ್ಬರು, ಜೊತೆಗೆ ಊರಿಂದ ಬಂದಿರೋ ಅಪ್ಪ-ಅಮ್ಮ. ಅಮ್ಮನಿಗೆ ಮಂಡಿ ನೋವು, ನಡೀತಾರೆ ಆದರೆ ನಿಧಾನ. ಎಲ್ಲರೂ ಸಸ್ಯಾಹಾರಿಗಳು. ಟ್ರಫಾಲ್ಗರ್ ಜಲಪಾತ, ಕಾಡಿನ ಕೊಳ ಎಮರಾಲ್ಡ್ ಪೂಲ್, ಸಮುದ್ರದಲ್ಲಿ ಗುಳ್ಳೆ ಏಳೋ ಶಾಂಪೇನ್ ರೀಫ್ ಮೂರೂ ಒಂದೇ ದಿನ ಆಗುತ್ತಾ? ಹಡಗಿನವರ ಟೂರ್ ತಗೊಳ್ಳೋದಾ, ಇಳಿದು ಟ್ಯಾಕ್ಸಿ ಹಿಡಿಯೋದಾ? ನನ್ನದು ಎಚ್-1ಬಿ ಕೆಲಸದ ವೀಸಾ, ಅಪ್ಪ-ಅಮ್ಮನದು ವಿಸಿಟರ್ ವೀಸಾ.

ಮಳೆಕಾಡು:

ಮೂರೂ ಬೇಡ. ನಕ್ಷೆಯಲ್ಲಿ ಎಲ್ಲ ಪಕ್ಕಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತೆ, ಆದರೆ ಮೂರೂ ಮೂರು ದಿಕ್ಕು, ದಾರಿಯೆಲ್ಲ ತಿರುವು. ಎಮರಾಲ್ಡ್ ಪೂಲ್ ದ್ವೀಪದ ಒಳಗೆ, ಹೋಗೋಕೇ ಮುಕ್ಕಾಲು ಗಂಟೆ ಹಿಡಿಯುತ್ತೆ. ಶಾಂಪೇನ್ ದಕ್ಷಿಣದ ಕರಾವಳಿಯಲ್ಲಿ, ಕಾಲು ಗಂಟೆ. ಟ್ರಫಾಲ್ಗರ್ ರೋಸೋ ಕಣಿವೆಯ ಮೇಲ್ಭಾಗದಲ್ಲಿ, 20-25 ನಿಮಿಷ. ಒಂದಕ್ಕೆ ಹೋಗಿ ಇನ್ನೊಂದಕ್ಕೆ ಹೊರಟರೆ ಹೆಚ್ಚುಕಮ್ಮಿ ಪೂರ್ತಿ ಕೆಳಗಿಳಿದು ಮತ್ತೆ ಹತ್ತಬೇಕು. ಮಂಡಿ ನೋವಿರೋರು ಜೊತೆಗಿದ್ದರೆ ಒಂದೇ ಕಣಿವೆ ಆರಿಸಿಕೊಳ್ಳಿ. ನನ್ನ ಸಲಹೆ ಟ್ರಫಾಲ್ಗರ್, ಅದರ ಜೊತೆ ಪಕ್ಕದ ವಾಟನ್ ವೇವನ್ ಊರಿನ ಬಿಸಿನೀರಿನ ಬುಗ್ಗೆ.

ಮೊದಲು ಹಡಗು ಎಲ್ಲಿ ಕಟ್ಟುತ್ತೆ ಅಂತ ಕೇಳಿ. ರೋಸೋದ ಕ್ರೂಸ್ ಕಟ್ಟೆ ಊರಿನ ಎದುರಿಗೇ ಇದೆ, ಇಳಿದರೆ ಪೇಟೆ ಬೀದಿ. ವುಡ್‌ಬ್ರಿಜ್ ಬೇ ಆದರೆ ಊರಿಂದ ಒಂದೂವರೆ ಕಿಲೋಮೀಟರ್ ಉತ್ತರಕ್ಕೆ, ಸರಕು ಹಡಗುಗಳ ಜಾಗ. ಕೆಲವು ಹಡಗು ಉತ್ತರದ ತುದಿಯ ಪೋರ್ಟ್ಸ್‌ಮತ್ ಹತ್ತಿರ ಕ್ಯಾಬ್ರಿಟ್ಸ್‌ನಲ್ಲಿ ನಿಲ್ಲುತ್ತವೆ. ಹಾಗಾದರೆ ಇಲ್ಲಿ ಬರೆದಿರೋ ಲೆಕ್ಕ ಯಾವುದೂ ಹೊಂದಲ್ಲ.

ಎಂಟಕ್ಕೆ ಬಂದರೂ ಜನ ಇಳಿಯೋದು ಎಂಟೂವರೆ ಹೊತ್ತಿಗೆ. ಹಡಗಿನ ಟೂರ್ ಬಸ್ಸುಗಳೆಲ್ಲ ನೇರ ಟ್ರಫಾಲ್ಗರ್‌ಗೆ ನುಗ್ಗುತ್ತವೆ, ಹತ್ತು ಗಂಟೆಗೆ ಅಲ್ಲಿ ಕಟಕಟೆ ಹಿಡಿಯೋಕೆ ಜಾಗ ಇರಲ್ಲ. ಅದಕ್ಕೇ ಕ್ರಮ ತಿರುಗಿಸಿ: ಮೊದಲು ಬಿಸಿನೀರಿನ ಸ್ನಾನ, ಹನ್ನೊಂದೂವರೆ ಮೇಲೆ ಜಲಪಾತ. ಗೇಟಿನಿಂದ ಜಲಪಾತ ಕಾಣುವ ಕಟ್ಟೆಗೆ 10-15 ನಿಮಿಷದ ಕಾಲುದಾರಿ, ಬೇರು ಕಲ್ಲು ಇದ್ದರೂ ಕೈ ಹಿಡಿದು ನಡೆಸಬಹುದು. ಎಡಗಡೆಯ ಎತ್ತರದ ಧಾರೆಗೆ 'ತಂದೆ', ಬಲಗಡೆಯದಕ್ಕೆ 'ತಾಯಿ' ಅಂತಾರೆ. ಕಟ್ಟೆಯಿಂದ ಮುಂದೆ ಬರೀ ಬಂಡೆ, ಪಾಚಿ. ಅಪ್ಪ-ಅಮ್ಮ ಅಲ್ಲೇ ನಿಲ್ಲಲಿ. ಎರಡೂ ಧಾರೆ ಒಟ್ಟಿಗೆ ಕಾಣೋದು ಅಲ್ಲಿಂದಲೇ.

ಬಿಸಿನೀರಿಗೆ ಇಳಿಯೋ ಮೊದಲು ಅಮ್ಮನ ಬೆಳ್ಳಿ ಕಾಲುಂಗುರ, ಕಾಲ್ಗೆಜ್ಜೆ ಬಿಚ್ಚಿಸಿ ಹಡಗಿನ ರೂಮಲ್ಲೇ ಇಟ್ಟು ಬನ್ನಿ. ನೀರಲ್ಲಿ ಗಂಧಕ ಇದೆ, ಬೆಳ್ಳಿ ಮಸಿ ಹಿಡಿದ ಹಾಗೆ ಕಪ್ಪಾಗುತ್ತೆ. ತಿಳಿ ಬಣ್ಣದ ಬಟ್ಟೆಗೂ ಕಲೆ ಕೂರುತ್ತೆ, ಹಳೇದು ಹಾಕಿಕೊಳ್ಳಲಿ. ಬಿಪಿ, ಹೃದಯದ ಮಾತ್ರೆ ತಗೊಳ್ಳೋರು ಬೆಚ್ಚಗಿನ ತೊಟ್ಟಿಯಲ್ಲಿ ಹತ್ತು ನಿಮಿಷ ಕೂತು ಎದ್ದರೆ ಸಾಕು, ತೀರಾ ಬಿಸಿಯದಕ್ಕೆ ಇಳಿಯೋದು ಬೇಡ.

ಟ್ಯಾಕ್ಸಿಯನ್ನೇ ಹಿಡಿಯಿರಿ, ನಿಮ್ಮ ವೇಗಕ್ಕೆ ಅದೇ ಸರಿ. ಆದರೆ ಹತ್ತೋ ಮೊದಲು ನಾಲ್ಕು ಮಾತು ಬಾಯಿಬಿಟ್ಟು ಕೇಳಿ: ದರ ತಲೆಗಾ, ಇಡೀ ವ್ಯಾನಿಗಾ? ಯು.ಎಸ್. ಡಾಲರಾ, ಈಸ್ಟ್ ಕೆರಿಬಿಯನ್ ಡಾಲರಾ? ಪ್ರವೇಶ ಶುಲ್ಕ ಸೇರಿದೆಯಾ? ಕಾಯ್ತಾರಾ, ಬಿಟ್ಟು ಹೋಗ್ತಾರಾ? 1 ಯು.ಎಸ್. ಡಾಲರಿಗೆ 2.70 ಈ.ಸಿ. ಅಂತ 1976ರಿಂದ ಬದಲಾಗದೆ ನಿಂತಿದೆ. ಹಾಗಾಗಿ 'ನೂರು' ಅಂದರೆ 37 ಡಾಲರೂ ಆಗಬಹುದು, ನೂರು ಡಾಲರೂ ಆಗಬಹುದು, ಜಗಳ ಬರೋದು ಇಲ್ಲೇ. ದುಡ್ಡು ವಾಪಸ್ ಬಂದ ಮೇಲೆ ಕೊಡಿ. ಚಿಲ್ಲರೆ ಈ.ಸಿ.ಯಲ್ಲೇ ಬರುತ್ತೆ, ಆದ್ದರಿಂದ 1, 5ರ ಡಾಲರ್ ನೋಟು ಜಾಸ್ತಿ ಇಟ್ಟುಕೊಳ್ಳಿ.

ಹಡಗಿನ ಟೂರಿಗೆ ಒಂದು ಅನುಕೂಲ ಇದೆ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತೆ, ನಿಮ್ಮ ಟ್ಯಾಕ್ಸಿಗೆ ಕಾಯಲ್ಲ. ಹತ್ತಬೇಕಾದ ಕೊನೇ ಸಮಯ ಸಾಮಾನ್ಯವಾಗಿ ಹೊರಡೋ ಅರ್ಧ ಗಂಟೆ ಮೊದಲು. ಕಣಿವೆಯಲ್ಲಿ ಮಣ್ಣು ಕುಸಿದರೆ ಬೇರೆ ದಾರಿ ಇಲ್ಲ, ಅದಕ್ಕೇ ಎರಡು ಗಂಟೆಗೆಲ್ಲ ಊರು ಸೇರಿಬಿಡಿ. ಉಳಿದ ಹೊತ್ತಿಗೆ ಬಟಾನಿಕಲ್ ಗಾರ್ಡನ್ ಇದೆ, ಕ್ರೂಸ್ ಕಟ್ಟೆಯಿಂದ ಹತ್ತು ಹದಿನೈದು ನಿಮಿಷದ ನಡಿಗೆ. 1979ರ ಡೇವಿಡ್ ಚಂಡಮಾರುತಕ್ಕೆ ಉರುಳಿದ ಬಾವೊಬಾಬ್ ಮರ, ಅದರಡಿ ಅಪ್ಪಚ್ಚಿಯಾದ ಶಾಲಾ ಬಸ್ಸು ಹಾಗೇ ಇವೆ. ಬಸ್ಸು ಖಾಲಿಯಿತ್ತು, ಯಾರಿಗೂ ಏನೂ ಆಗಲಿಲ್ಲ. ಬಿದ್ದ ಕಾಂಡದಿಂದಲೇ ಮರ ಮತ್ತೆ ಚಿಗುರಿ ನಿಂತಿದೆ. ಪೇಟೆಯಲ್ಲಿ ಫುಟ್‌ಪಾತ್ ಕಿರಿದು, ಚರಂಡಿಗೆ ಮುಚ್ಚಳ ಇಲ್ಲ, ಅಮ್ಮನ ಕೈ ಬಿಡಬೇಡಿ.

ಸ್ಟ್ಯಾಂಪಿಂಗ್_ಸಂಗಾತಿ:

ಊರು ನೋಡೋದು ಆಮೇಲೆ, ದುಡ್ಡು ಕಟ್ಟೋ ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ. ಸ್ಯಾನ್ ಹ್ವಾನ್ ಅಮೆರಿಕದ್ದೇ, ಅಲ್ಲಿಗೆ ವಿಮಾನದಲ್ಲಿ ಹೋಗೋಕೆ ತೊಂದರೆ ಇಲ್ಲ. ಆದರೆ ಹಡಗು ಡೊಮಿನಿಕಾ ಮುಟ್ಟಿತು ಅಂದರೆ ನೀವು ದೇಶ ಬಿಟ್ಟ ಹಾಗೆ, ಕೆಳಗೆ ಇಳಿಯದೇ ಇದ್ದರೂ. ವಾಪಸ್ ಬರೋಕೆ ಪಾಸ್‌ಪೋರ್ಟಲ್ಲಿ ಅವಧಿ ಇರುವ ಎಚ್-1ಬಿ ವೀಸಾ ಸ್ಟ್ಯಾಂಪ್ ಬೇಕು. ಬರೀ ಐ-797 ಅನ್ನೋ ಮಂಜೂರಾತಿ ಕಾಗದ ನಡೆಯಲ್ಲ. ಸ್ಟ್ಯಾಂಪ್ ಮುಗಿದಿದ್ದರೂ 30 ದಿನದೊಳಗೆ ವಾಪಸ್ ಬರಬಹುದು ಅನ್ನೋ ನಿಯಮ ಎಚ್-1ಬಿಯವರಿಗೆ ಕೆನಡಾ, ಮೆಕ್ಸಿಕೋಗೆ ಮಾತ್ರ. ಕೆರಿಬಿಯನ್ ದ್ವೀಪಗಳಿಗೂ ಅದು ಸಿಗೋದು ಎಫ್ (ವಿದ್ಯಾರ್ಥಿ), ಜೆ (ಎಕ್ಸ್‌ಚೇಂಜ್) ವೀಸಾದವರಿಗೆ. ಇದನ್ನ ಕಲಸಿಕೊಂಡು ಬುಕ್ ಮಾಡೋರು ಬಹಳ ಜನ.

ಅಪ್ಪ-ಅಮ್ಮನ ವೀಸಾ ಮಲ್ಟಿಪಲ್ ಎಂಟ್ರಿನಾ ನೋಡಿ. ಕ್ರೂಸಿಂದ ಬಂದಾಗ ಅಮೆರಿಕದಲ್ಲಿ ಇರೋಕೆ ಹೊಸದಾಗಿ ಆರು ತಿಂಗಳು ಸಿಗುತ್ತೆ ಅಂತ ಲೆಕ್ಕ ಹಾಕಬೇಡಿ.

ಭಾರತದ ಪಾಸ್‌ಪೋರ್ಟಿಗೆ ಡೊಮಿನಿಕಾ ವೀಸಾ ಮೊದಲೇ ಮಾಡಿಸಬೇಕಿಲ್ಲ. ಆದರೆ ಅದೇ ಕ್ರೂಸಲ್ಲಿ ಮಾರ್ಟಿನಿಕ್ ಅಥವಾ ಗ್ವಾಡಲೂಪ್ ಇದೆಯಾ ನೋಡಿ. ಅವು ಫ್ರಾನ್ಸಿನವು, ಆದರೆ ಷೆಂಗೆನ್ (ಯೂರೋಪಿನ ಒಂದೇ ವೀಸಾದ ವಲಯ) ಒಳಗೆ ಬರಲ್ಲ, ಸಾಮಾನ್ಯ ಷೆಂಗೆನ್ ವೀಸಾ ತೋರಿಸಿದರೆ ಆಗಲ್ಲ. ಪಟ್ಟಿಯಲ್ಲಿರೋ ಪ್ರತಿ ಬಂದರಿಗೂ ನಿಮ್ಮ ಪಾಸ್‌ಪೋರ್ಟಿಗೆ ಏನು ಬೇಕು ಅಂತ ಕ್ರೂಸ್ ಕಂಪನಿಯಿಂದ ಇಮೇಲಲ್ಲಿ ಉತ್ತರ ತರಿಸಿಕೊಳ್ಳಿ. ಒಂದು ಕಡೆ ಕಾಗದ ಕಮ್ಮಿಯಾದರೆ ಮೊದಲ ದಿನವೇ ಹಡಗು ಹತ್ತಿಸಿಕೊಳ್ಳಲ್ಲ.

ಜೀಗುಜ್ಜೆ_ಪೋಡಿ:

ಊಟದ ಬಗ್ಗೆ ಯಾರೂ ಬರೆಯಲಿಲ್ಲ. ಅಲ್ಲಿ ಕೆಸು, ಜೀಗುಜ್ಜೆ, ಬಾಳೆಕಾಯಿ, ಗೆಣಸು ದಿನದ ಊಟ, ಕರಾವಳಿಯವರಿಗೆ ಹೊಸದೇನಲ್ಲ. ಆದರೆ ಕೆಸುವಿನ ಸೊಪ್ಪಿನ ಕ್ಯಾಲಲೂ ಸೂಪ್ ಹಸಿರಾಗಿದೆ ಅಂತ ನಂಬಿ ಕುಡಿಯಬೇಡಿ, ಏಡಿಯನ್ನೋ ಉಪ್ಪು ಹಾಕಿದ ಹಂದಿಮಾಂಸವನ್ನೋ ಹಾಕಿ ಬೇಯಿಸುವುದು ಅಲ್ಲಿ ಸಾಮಾನ್ಯ. 'ವೆಜಿಟೇರಿಯನ್' ಅಂದರೆ ಮೀನು ನಡೆಯುತ್ತದೆ ಅಂದುಕೊಳ್ಳುವವರೂ ಇದ್ದಾರೆ. 'ಐಟಲ್' ಅಡುಗೆ ಎಲ್ಲಿ ಸಿಗುತ್ತದೆ ಅಂತ ಕೇಳಿ. ಅದು ರಾಸ್ತಫಾರಿ ಪಂಥದವರ ಊಟ, ಮಾಂಸ ಹಾಕುವುದಿಲ್ಲ, ಎಷ್ಟೋ ಕಡೆ ಉಪ್ಪೂ ಇರುವುದಿಲ್ಲ. ಒಂದು ಸಣ್ಣ ಡಬ್ಬಿ ಉಪ್ಪಿನಕಾಯಿ ಇದ್ದರೆ ಹಿರಿಯರಿಗೆ ಊಟ ಸೇರುತ್ತದೆ.

ಶನಿವಾರವಾದರೆ ನದಿ ಸಮುದ್ರ ಸೇರುವಲ್ಲಿರುವ ಮಾರುಕಟ್ಟೆಗೆ ಬೆಳಿಗ್ಗೆಯೇ ಹೋಗಿ. ಹಣ್ಣು ಅಲ್ಲೇ ತಿಂದು ಮುಗಿಸಿ, ಹಡಗಿಗೆ ಒಯ್ಯಲು ಬಿಡುವುದಿಲ್ಲ. ಭಾನುವಾರವಾದರೆ ಪೇಟೆ ಬಹುಪಾಲು ಬಾಗಿಲು ಹಾಕಿರುತ್ತದೆ.

ಇನ್ನೊಂದು ವಿಷಯ, ಮಿಲಿಟರಿ ಬಣ್ಣದ ಚಿತ್ತಾರ ಇರುವ ಬಟ್ಟೆ, ಟೋಪಿ, ಚೀಲ ಏನೂ ಬೇಡ. ಡೊಮಿನಿಕಾದಲ್ಲಿ ಅದು ಕಾನೂನಿಗೆ ವಿರುದ್ಧ, ಮಕ್ಕಳಿಗೂ ಅನ್ವಯ.

ಹಾಸನದ_ಹುಡುಗ:

ಎಲ್ಲರಿಗೂ ಧನ್ಯವಾದ. ನನ್ನ ಸ್ಟ್ಯಾಂಪ್ 2027ರವರೆಗೆ ಇದೆ, ಮಾರ್ಟಿನಿಕ್ ಇಲ್ಲ. ಅಪ್ಪ-ಅಮ್ಮ ಬಿಸಿನೀರಲ್ಲಿ ಕೂತಿರೋ ಹೊತ್ತಿಗೆ ನಾವಿಬ್ಬರು ಟಿಟೂ ಗಾರ್ಜ್‌ಗೆ ಹೋಗಿಬರಬಹುದಾ?

ಮಳೆಕಾಡು:

ಹೋಗಬಹುದು. ಅದು ಲೌಡಾ ಊರಿನ ಹತ್ತಿರ, ಅದೇ ಕಣಿವೆಯಲ್ಲಿ ಇನ್ನೂ ಮೇಲೆ. ಅಪ್ಪ-ಅಮ್ಮನ್ನ ಕರೆದುಕೊಂಡು ಬರೋದು ಯಾರು, ಎಷ್ಟು ಹೊತ್ತಿಗೆ ಅಂತ ಚಾಲಕರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಗಾರ್ಜ್ ಅಂದರೆ ಎರಡು ಬಂಡೆಗೋಡೆಗಳ ನಡುವಿನ ಸಂದಿ, ಒಳಗೆ ಕಾಲಿಗೆ ನೆಲ ಸಿಗಲ್ಲ. ಈಜಿಕೊಂಡೇ ತುದಿಯ ಜಲಪಾತ ಮುಟ್ಟಬೇಕು. ನೀರು ತಣ್ಣಗೆ ಕೊರೆಯುತ್ತೆ, ಈಜು ಬಂದರೂ ಲೈಫ್ ಜಾಕೆಟ್ ಬಾಡಿಗೆಗೆ ತಗೊಳ್ಳಿ.

ಮಳೆಯೇ ಇಲ್ಲಿ ದೊಡ್ಡ ಅಪಾಯ. ರೋಸೋದಲ್ಲಿ ಬಿಸಿಲು ಹೊಡೀತಿದ್ದರೂ ಮೇಲೆ ಬೆಟ್ಟದಲ್ಲಿ ಸುರೀತಿರಬಹುದು. ಅಟ್ಲಾಂಟಿಕ್ ಕಡೆಯಿಂದ ಬರೋ ಮೋಡ ಬೆಟ್ಟಕ್ಕೇ ಸುರಿದುಬಿಡುತ್ತೆ, ಪಶ್ಚಿಮದ ಊರುಗಳಿಗೆ ಕಮ್ಮಿ. ಆ ನೀರೆಲ್ಲ ಈ ಸಂದಿಯಲ್ಲೇ ಒಮ್ಮೆಗೇ ನುಗ್ಗಿದಾಗ ಪಕ್ಕಕ್ಕೆ ಹತ್ತೋಕೆ ಜಾಗವಿಲ್ಲ. ನೀರಿನ ಬಣ್ಣ ಕೆಂಪಾದರೆ, ಎಲೆ ಕಡ್ಡಿ ತೇಲಿ ಬಂದರೆ ಆ ಕ್ಷಣವೇ ಹೊರಗೆ ಬನ್ನಿ. 'ಇವತ್ತು ಬೇಡ' ಅಂತ ಚಾಲಕರು ಅಂದರೆ ಒತ್ತಾಯ ಮಾಡಬೇಡಿ.

ಹಾಗಾದ ದಿನ ಮಧ್ಯಾಹ್ನ ಹಿರಿಯರನ್ನ ಹಡಗಿಗೆ ಬಿಟ್ಟು ನೀವಿಬ್ಬರೇ ಶಾಂಪೇನ್‌ಗೆ ಹೋಗಿ. ತಳದ ಜ್ವಾಲಾಮುಖಿಯ ಅನಿಲ ಸಣ್ಣ ಗುಳ್ಳೆಯಾಗಿ ಮೇಲೆ ಬರ್ತಿರುತ್ತೆ, ಸ್ನಾರ್ಕೆಲ್ (ನೀರಲ್ಲಿ ಮುಖ ಮುಳುಗಿಸಿ ಉಸಿರಾಡೋ ನಳಿಕೆ) ಅಲ್ಲೇ ಬಾಡಿಗೆಗೆ ಸಿಗುತ್ತೆ. ದಡದಲ್ಲಿ ಮರಳಿಲ್ಲ, ಗುಂಡುಕಲ್ಲು, ನಡುವೆ ಸೀ ಅರ್ಚಿನ್ ಅನ್ನೋ ಮುಳ್ಳಿನ ಕಡಲಜೀವಿ. ನೀರಿನ ಶೂ ಇಲ್ಲದೆ ಇಳಿಯಬೇಡಿ.