ಗೋಡು ಮಣ್ಣಿನ ಒಳ್ಳೆಯ ಕುಂಡ ಮಿಶ್ರಣವನ್ನು ಗುರುತಿಸುವುದು ಹೇಗೆ?

ಪ್ರಶ್ನೆ (ಕುಂಡದ ನಿಂಬೆ)

ಎಲ್ಲರಿಗೂ ನಮಸ್ಕಾರ. ಐದು ವರ್ಷಗಳಿಂದ ದೊಡ್ಡ ಕುಂಡಗಳಲ್ಲಿ ಒಂದು ನಿಂಬೆ ಗಿಡವನ್ನೂ ಎರಡು ದಾಸವಾಳದ ಗಿಡಗಳನ್ನೂ ಬೆಳೆಸಿಕೊಂಡು ಬಂದಿದ್ದೇನೆ. ಇದುವರೆಗೆ ಬಳಸಿದ್ದೆಲ್ಲ ಮಣ್ಣೇ ಇಲ್ಲದ, ತೆಂಗಿನ ನಾರಿನ ಪುಡಿ ಅಥವಾ ಪೀಟ್ (ಜೌಗು ನೆಲದಿಂದ ಅಗೆದು ತೆಗೆದ, ಅರೆಕೊಳೆತ ಸಸ್ಯಗಳ ಪುಡಿ) ತುಂಬಿದ ಹಗುರ ಮಿಶ್ರಣಗಳನ್ನು. ಮೊದಲ ವರ್ಷ ಗಿಡಗಳು ಚೆನ್ನಾಗಿಯೇ ಬರುತ್ತವೆ. ಆಮೇಲೆ ಮಿಶ್ರಣ ಕುಗ್ಗಿ ಕುಂಡದ ಅಂಚಿನಿಂದ ಕೆಳಗಿಳಿಯುತ್ತದೆ. ಒಂದು ಸಲ ಪೂರ್ತಿ ಒಣಗಿತೆಂದರೆ ಹಾಕಿದ ನೀರೆಲ್ಲ ಕುಂಡದ ಗೋಡೆಗುಂಟ ಹರಿದು ತಳದಿಂದ ಹೊರಬರುತ್ತದೆಯೇ ಹೊರತು ಬೇರಿನ ಉಂಡೆ ನೆನೆಯುವುದೇ ಇಲ್ಲ. ಜೋರು ಗಾಳಿ ಬೀಸಿದಾಗ ಕುಂಡ ಸಮೇತ ನಿಂಬೆ ಗಿಡ ಎರಡು ಬಾರಿ ಉರುಳಿಬಿದ್ದು ಒಂದು ಮುಖ್ಯ ಕೊಂಬೆಯೇ ಮುರಿಯಿತು.

ಹಾಗಾಗಿ ಈ ಬಾರಿ ಗೋಡು ಮಣ್ಣಿನ (ಮರಳು, ನುಣ್ಣನೆಯ ಹೂಳು, ಜೇಡಿ ಹದವಾಗಿ ಬೆರೆತ ಮಣ್ಣಿನ) ಮಿಶ್ರಣವೆಂದು ಬರೆದಿದ್ದ ಚೀಲವನ್ನು ಕೊಂಡು ತಂದೆ. ಬಿಚ್ಚಿ ನೋಡಿದರೆ ಬಹುಪಾಲು ತೊಗಟೆಯ ಚೂರು ಮತ್ತು ಕಪ್ಪು ಪುಡಿ. ಬೆರಳಿಗೆ ಮಣ್ಣಿನ ಜಿಗುಟು ಎಲ್ಲಿಯೂ ಸಿಗಲಿಲ್ಲ. ನಿಜವಾಗಿ ಗೋಡು ಮಣ್ಣಿರುವ, ವರ್ಷಗಟ್ಟಲೆ ಬಾಳುವ ಮಿಶ್ರಣವನ್ನು ಕೊಳ್ಳುವ ಮುನ್ನವೇ ಗುರುತಿಸುವುದು ಹೇಗೆ? ಸಿಗದಿದ್ದರೆ ಮನೆಯಲ್ಲೇ ತಯಾರಿಸಿಕೊಳ್ಳಬಹುದೇ? ತೋಟದ ಮಣ್ಣನ್ನೇ ಅಗೆದು ಕುಂಡಕ್ಕೆ ತುಂಬಿದರೆ ಆಗದೇ?

ಉತ್ತರ 1 (ಹಳೆಯ ಸಸಿಮಡಿ)

ತಾವು ಕಂಡದ್ದು ಈಗ ಬಹಳ ಕಡೆ ಕಾಣುವ ತೊಂದರೆ. ಚೀಲದ ಮೇಲಿನ ಹೆಸರಿಗೂ ಒಳಗಿನ ವಸ್ತುವಿಗೂ ನಂಟು ಸಡಿಲವಾಗಿರುವುದಕ್ಕೆ ಒಂದು ಹಿನ್ನೆಲೆಯಿದೆ. ಒಂದು ಕಾಲಕ್ಕೆ ಇಂಗ್ಲೆಂಡಿನ ತೋಟಗಾರರು ಒಂದೊಂದು ಜಾತಿಯ ಗಿಡಕ್ಕೂ ಒಂದೊಂದು ಮಿಶ್ರಣವನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತಿದ್ದರು. 1930ರ ದಶಕದಲ್ಲಿ ಜಾನ್ ಇನ್ನೆಸ್ ತೋಟಗಾರಿಕಾ ಸಂಸ್ಥೆಯ ವಿಲಿಯಂ ಲಾರೆನ್ಸ್ ಮತ್ತು ಜಾನ್ ನ್ಯೂವೆಲ್ ಅವರು ಸಾಲುಸಾಲಾಗಿ ಪ್ರಯೋಗ ನಡೆಸಿ, ಬೀಜಕ್ಕೊಂದು ಮತ್ತು ಕುಂಡಕ್ಕೊಂದು ಮಿಶ್ರಣವಿದ್ದರೆ ಹೆಚ್ಚಿನೆಲ್ಲ ಗಿಡಗಳಿಗೂ ಸಾಕಾಗುತ್ತದೆ ಎಂದು ತೋರಿಸಿದರು. ಸಂಸ್ಥೆ ಆ ಸೂತ್ರವನ್ನು ಎಲ್ಲರಿಗೂ ತೆರೆದಿಟ್ಟಿತು, ತಾನಾಗಿ ಮಿಶ್ರಣವನ್ನು ಮಾರಲಿಲ್ಲ. ಆದ್ದರಿಂದ ಇಂದು ಜಾನ್ ಇನ್ನೆಸ್ ಎಂಬ ಹೆಸರು ಚೀಲದ ಮೇಲಿದ್ದರೆ ಅದು ಒಂದು ಪಾಕದ ಹೆಸರೇ ಹೊರತು ಒಂದು ಕಂಪನಿಯ ಗುರುತಲ್ಲ. ಪಾಕವನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದ್ದಾರೆ ಎಂಬುದು ತಯಾರಕರನ್ನೇ ಅವಲಂಬಿಸಿದೆ.

ಮೂಲ ಸೂತ್ರದಲ್ಲಿ ಕುಂಡದ ಮಿಶ್ರಣಕ್ಕೆ ಗಾತ್ರದ ಲೆಕ್ಕದಲ್ಲಿ 7 ಪಾಲು ಗೋಡು ಮಣ್ಣು, 3 ಪಾಲು ಪೀಟ್, 2 ಪಾಲು ದಪ್ಪ ಮರಳು. ಬೀಜದ ಮಿಶ್ರಣಕ್ಕೆ 2 ಪಾಲು ಗೋಡು ಮಣ್ಣು, 1 ಪಾಲು ಪೀಟ್, 1 ಪಾಲು ಮರಳು. ಚೀಲದ ಮೇಲಿನ 1, 2, 3 ಎಂಬ ಅಂಕಿಗಳನ್ನು ಗುಣಮಟ್ಟದ ದರ್ಜೆಯೆಂದು ಹಲವರು ತಿಳಿದಿದ್ದಾರೆ. ಅವು ಗೊಬ್ಬರದ ಪ್ರಮಾಣವನ್ನು ಮಾತ್ರ ಹೇಳುತ್ತವೆ: ಎರಡರಲ್ಲಿ ಒಂದರ ಇಮ್ಮಡಿ, ಮೂರರಲ್ಲಿ ಮುಮ್ಮಡಿ. ಎಳೆಯ ಸಸಿಗೆ ಒಂದು, ಮಧ್ಯಮ ಗಿಡಕ್ಕೆ ಎರಡು, ತಮ್ಮ ನಿಂಬೆಯಂತೆ ಹಲವು ವರ್ಷ ಅದೇ ಕುಂಡದಲ್ಲಿರುವ ಗಿಡಕ್ಕೆ ಮೂರು ಹೊಂದುತ್ತದೆ.

ಗೋಡು ಮಣ್ಣಿಗೆ ಇಷ್ಟು ಬೆಲೆ ಬರುವುದು ಅದರೊಳಗಿನ ಜೇಡಿಯ ಕಣಗಳಿಂದ. ಪೊಟ್ಯಾಷ್, ಸುಣ್ಣ, ಅಮೋನಿಯಂನಂತಹ ಪೋಷಕಾಂಶಗಳನ್ನು ಅವು ಹಿಡಿದಿಟ್ಟುಕೊಂಡು ಬೇರಿಗೆ ನಿಧಾನವಾಗಿ ಬಿಟ್ಟುಕೊಡುತ್ತವೆ. ಒಣಗಿದ ಮೇಲೂ ನೀರನ್ನು ಬೇಗ ಹೀರುತ್ತವೆ. ಮಣ್ಣು ಖನಿಜವಾದ್ದರಿಂದ ನಾರಿನ ಪುಡಿಯಂತೆ ಕೊಳೆತು ಕುಗ್ಗುವುದಿಲ್ಲ, ತನ್ನ ಭಾರದಿಂದ ಕುಂಡವನ್ನು ನೆಲಕ್ಕೆ ಊರಿಸುತ್ತದೆ. ತಾವು ಹೇಳಿದ ಮೂರೂ ತೊಂದರೆಗಳಿಗೆ ಪರಿಹಾರವಿರುವುದು ಇಲ್ಲಿಯೇ.

ಕೊಳ್ಳುವಾಗ ಮೊದಲು ಚೀಲವನ್ನು ಎತ್ತಿ ನೋಡಿ. ಮಣ್ಣು ಪ್ರಧಾನವಾದ, ಹದವಾಗಿ ತೇವವಿರುವ ಮಿಶ್ರಣ ಲೀಟರಿಗೆ ಒಂದು ಕಿಲೋ ಆಸುಪಾಸು ತೂಗುತ್ತದೆ. ಇಪ್ಪತ್ತೈದು ಲೀಟರಿನ ಚೀಲವನ್ನು ಒಂದೇ ಕೈಯಲ್ಲಿ ಸಲೀಸಾಗಿ ಎತ್ತಲು ಬಂದರೆ ಅದರಲ್ಲಿ ಮಣ್ಣು ಕಡಿಮೆ. ಆಮೇಲೆ ಪದಾರ್ಥಗಳ ಪಟ್ಟಿಯನ್ನು ಓದಿ. "ಗೋಡು ಮಣ್ಣು ಸೇರಿಸಲಾಗಿದೆ" ಎಂಬ ಮಾತು ಎಷ್ಟು ಪಾಲು ಎಂಬುದನ್ನು ಹೇಳುವುದಿಲ್ಲ, ಆದ್ದರಿಂದ ಪಾಲನ್ನು ಕೇಳಿ ತಿಳಿಯಬೇಕು. ನರ್ಸರಿಯವರು ಒಂದು ಹಿಡಿ ತೆಗೆದು ನೋಡಲು ಒಪ್ಪಿದರೆ ತೇವ ಮಾಡಿ ಮುಷ್ಟಿಯಲ್ಲಿ ಅದುಮಿರಿ. ಒಳ್ಳೆಯ ಮಿಶ್ರಣ ಉಂಡೆಯಾಗಿ ನಿಲ್ಲುತ್ತದೆ, ಬೆರಳಿನಿಂದ ತಿವಿದರೆ ಪುಡಿಪುಡಿಯಾಗಿ ಉದುರುತ್ತದೆ. ಉಂಡೆಯೇ ಕಟ್ಟದಿದ್ದರೆ ಮಣ್ಣಿಲ್ಲ. ತಿವಿದರೂ ಉದುರದೆ ಬೆರಳಿನ ಗುರುತನ್ನಷ್ಟೇ ಉಳಿಸಿಕೊಂಡರೆ ಜೇಡಿ ಅತಿಯಾಗಿದೆ.

ತೋಟದ ಮಣ್ಣನ್ನು ಹಾಗೆಯೇ ತುಂಬುವುದು ಬೇಡ. ನೆಲದಲ್ಲಿ ಎರೆಹುಳುಗಳೂ ಆಳದ ಬೇರುಗಳೂ ಮಣ್ಣನ್ನು ಸಡಿಲವಾಗಿ ಇಡುತ್ತವೆ. ಅಲ್ಲಿ ನೀರಿಗೆ ಇಳಿಯಲು ಬೇಕಾದಷ್ಟು ಆಳವೂ ಇದೆ. ಕುಂಡದಲ್ಲಿ ಅದೇ ಮಣ್ಣು ನೀರು ಹಾಕಿದಂತೆಲ್ಲ ಅಂಟಿಕೊಂಡು ಗಟ್ಟಿಯಾಗಿ, ಬೇರಿಗೆ ಗಾಳಿಯೇ ಸಿಗದಂತಾಗುತ್ತದೆ.

ಉತ್ತರ 2 (ಮಣ್ಣಿನ ಘಮ)

ಮನೆಯಲ್ಲಿ ತಯಾರಿಸುವ ಬಗ್ಗೆ ನಾನು ಬರೆಯುತ್ತೇನೆ. ಹನ್ನೆರಡು ವರ್ಷಗಳಿಂದ ಸ್ವತಃ ಮಾಡಿಕೊಂಡೇ ಬಂದಿದ್ದೇನೆ; ಮೊದಲ ವರ್ಷವೊಂದನ್ನು ಬಿಟ್ಟರೆ ಅದು ನನ್ನ ಕೈಬಿಟ್ಟಿಲ್ಲ.

ಮೊದಲು ತಮ್ಮ ಮಣ್ಣು ಗೋಡೋ ಅಲ್ಲವೋ ನೋಡಿ. ನೇರ ಗೋಡೆಯ ಗಾಜಿನ ಜಾಡಿಯಲ್ಲಿ ಮೂರರಲ್ಲೊಂದು ಭಾಗ ಜರಡಿ ಹಿಡಿದ ಮಣ್ಣು, ಉಳಿದದ್ದು ನೀರು, ಜೊತೆಗೆ ಒಂದು ಚಿಟಿಕೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಿ ಅಲುಗಾಡದ ಜಾಗದಲ್ಲಿಡಿ. ಮರಳು ಒಂದೆರಡು ನಿಮಿಷದಲ್ಲೇ ತಳಕ್ಕೆ ಕೂರುತ್ತದೆ. ಅದರ ಮೇಲೆ ಕೆಲವು ಗಂಟೆಗಳಲ್ಲಿ ರೇವೆ ಮಣ್ಣು, ಅಂದರೆ ಮರಳಿಗಿಂತ ನುಣ್ಣನೆಯ ಹೂಳು, ನೆಲೆಯಾಗುತ್ತದೆ. ಜೇಡಿ ಇಳಿಯಲು ಒಂದೆರಡು ದಿನವೇ ಬೇಕು, ಎಲೆ ಬೇರಿನ ಚೂರುಗಳು ಮೇಲೆ ತೇಲುತ್ತವೆ. ಮರಳು ಅರ್ಧಕ್ಕಿಂತ ತುಸು ಕಡಿಮೆ, ರೇವೆ ಮೂರರಲ್ಲೊಂದರಿಂದ ಅರ್ಧದವರೆಗೆ, ಜೇಡಿ ಐದರಲ್ಲೊಂದರಷ್ಟು ಇದ್ದರೆ ಅದು ಗೋಡು ಮಣ್ಣೇ.

ಹಳೆಯ ಕ್ರಮದಲ್ಲಿ ಹುಲ್ಲುಗಾವಲಿನ ಮೇಲ್ಮಣ್ಣನ್ನು ಹುಲ್ಲುಬೇರುಗಳ ಸಮೇತ ಹಲಗೆಯಂತೆ ಕತ್ತರಿಸಿ, ಹುಲ್ಲಿನ ಮುಖ ಕೆಳಗಾಗುವಂತೆ ಒಂದರ ಮೇಲೊಂದು ಪೇರಿಸಿ, ಆರು ತಿಂಗಳಿಂದ ಒಂದು ವರ್ಷ ಕಳಿಯಲು ಬಿಡುತ್ತಿದ್ದರು. ಕಳಿತ ರಾಶಿಯನ್ನು ಕಡಿದಾಗ ಮಣ್ಣು ಕಂದು ಬಣ್ಣದ ಹರಳುಹರಳಾಗಿ ಉದುರುತ್ತದೆ. ಒಂದೊಂದು ಹರಳಿನಲ್ಲೂ ಕೊಳೆತ ಬೇರಿನ ಸಣ್ಣ ಎಳೆಗಳು ಕಾಣುತ್ತವೆ. ನೀರು ಬಸಿಯಲು ದಾರಿ ಮಾಡಿಕೊಡುವುದು ಆ ಎಳೆಗಳೇ. ಬರಿಯ ಜರಡಿ ಮಣ್ಣಿಗೆ ಆ ಗುಣ ಬರುವುದಿಲ್ಲ.

36 ಲೀಟರಿನ ಲೆಕ್ಕ ಕೊಡುತ್ತೇನೆ: ಗೋಡು ಮಣ್ಣು 21 ಲೀಟರು, ಪೀಟ್ 9 ಲೀಟರು, ಮರಳು 6 ಲೀಟರು. ಎರಡನೆಯ ಅಂಕಿಯ ಮಿಶ್ರಣವಾದರೆ ಇದಕ್ಕೆ ಗೊರಸು ಕೊಂಬಿನ ಪುಡಿ 90 ಗ್ರಾಂ, ಸೂಪರ್ ಫಾಸ್ಫೇಟ್ 90 ಗ್ರಾಂ, ಪೊಟ್ಯಾಸಿಯಂ ಸಲ್ಫೇಟ್ 45 ಗ್ರಾಂ, ಸೀಮೆಸುಣ್ಣದ ಪುಡಿ 42 ಗ್ರಾಂ. ಪೀಟ್ ಜೌಗು ನೆಲಗಳಲ್ಲಿ ಸಾವಿರಾರು ವರ್ಷಗಳಲ್ಲಿ ಕೂಡಿಟ್ಟ ವಸ್ತು, ಅಗೆದರೆ ಮರಳಿ ಬಾರದು. ಆದ್ದರಿಂದ ನಾನು ಅದರ ಬದಲು ಎಲೆಗೊಬ್ಬರವನ್ನೋ ತೆಂಗಿನ ನಾರಿನ ಪುಡಿಯನ್ನೋ ಬಳಸುತ್ತೇನೆ. ನಾರಿನ ಪುಡಿಯಲ್ಲಿ ಉಪ್ಪಿನಂಶ ಉಳಿದಿರಬಹುದು, ಅದನ್ನು ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಬೇಕು. ಮರಳು ತೊಳೆದದ್ದಾಗಿರಲಿ, ಸಾಸಿವೆ ಕಾಳಿನಷ್ಟು ದಪ್ಪವಿರಲಿ. ಗಾರೆ ಕೆಲಸದ ನುಣ್ಣನೆಯ ಮರಳು ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ನನ್ನ ಮೊದಲ ವರ್ಷದ ಸಸಿಗಳು ಸತ್ತದ್ದು ಅದರಿಂದಲೇ.

ಮಣ್ಣಿನಲ್ಲಿ ಕಳೆಬೀಜ, ಜಂತುಹುಳು, ಸಸಿ ಕೊಳೆಸುವ ಶಿಲೀಂಧ್ರ ಇರುವುದರಿಂದ ಆವಿಯಲ್ಲಿ 82 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ನಿಮಿಷ ಕಾಯಿಸುವುದು ಮೂಲ ಕ್ರಮ. ಗೋಡು ಮಣ್ಣನ್ನು ಮಾತ್ರ ಕಾಯಿಸಬೇಕು, ಗೊಬ್ಬರವನ್ನು ಆಮೇಲೆ ಬೆರೆಸಬೇಕು. ಹೆಚ್ಚು ಹೊತ್ತು ಕುದಿಸಿದರೆ ಅಮೋನಿಯಂ ಮತ್ತು ಮ್ಯಾಂಗನೀಸ್ ಅತಿಯಾಗಿ ಬಿಡುಗಡೆಯಾಗಿ ಬೇರಿಗೆ ವಿಷವಾಗುತ್ತದೆ, ಆದ್ದರಿಂದ ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ಉತ್ತರ 3 (ಬಟಾಣಿ ಬಳ್ಳಿ)

ಮೇಲಿನವರ ಮಾತುಗಳನ್ನು ಒಪ್ಪುತ್ತೇನೆ, ಆದರೆ ಐದು ವರ್ಷದ ನಿಂಬೆ ಗಿಡಕ್ಕಾಗಿ ಇಪ್ಪತ್ತು ಲೀಟರು ಮಣ್ಣನ್ನು ಆವಿಯಲ್ಲಿ ಕಾಯಿಸುವ ಅಗತ್ಯ ನನಗೆ ಕಾಣುವುದಿಲ್ಲ. ಕೊಳೆರೋಗ ಎಳೆಯ ಸಸಿಗಳನ್ನು ಕೊಲ್ಲುವಷ್ಟು ಸುಲಭವಾಗಿ ಬಲಿತ ಗಿಡವನ್ನು ಕೊಲ್ಲುವುದಿಲ್ಲ. ರೋಗವಿಲ್ಲದ ಜಾಗದ ಮಣ್ಣಾದರೆ ಸಾಕು. ಕಾಯಿಸುವ ಶ್ರಮವನ್ನು ಬೀಜದ ತಟ್ಟೆಗಳಿಗೆ ಮೀಸಲಿಡಿ.

ಇಲ್ಲಿಯವರೆಗೆ ಯಾರೂ ಹೇಳದ ಒಂದು ಎಚ್ಚರಿಕೆಯಿದೆ. ಹುಲ್ಲುಗಾವಲಿನ ಮಣ್ಣು, ಸಗಣಿ ಗೊಬ್ಬರ ಅಥವಾ ಕೊಂಡ ಕಾಂಪೋಸ್ಟ್ ಬಳಸುವಾಗ ಅದರಲ್ಲಿ ಅಮಿನೊಪೈರಾಲಿಡ್‌ನಂತಹ ಕಳೆನಾಶಕದ ಉಳಿಕೆ ಇರಬಹುದು. ಹುಲ್ಲಿಗೆ ಸಿಂಪಡಿಸಿದ ಈ ಔಷಧ ಹುಲ್ಲನ್ನು ತಿಂದ ಹಸುವಿನ ಹೊಟ್ಟೆಯನ್ನು ದಾಟಿ ಸಗಣಿಯಲ್ಲಿಯೂ ಉಳಿಯುತ್ತದೆ. ಒಂದು ವರ್ಷ ನನ್ನ ಟೊಮೆಟೊ ಗಿಡಗಳ ಕುಡಿಯೆಲೆಗಳೆಲ್ಲ ಜರಿಗಿಡದ ಕುಡಿಯಂತೆ ಸುರುಳಿ ಸುತ್ತಿ ನಿಂತುಹೋದವು, ಕಾರಣ ತಿಳಿಯಲು ಒಂದು ತಿಂಗಳು ಬೇಕಾಯಿತು. ಅಂದಿನಿಂದ ಹೊಸ ಮಿಶ್ರಣ ಬಂದ ಕೂಡಲೇ ಮೂರು ಸಣ್ಣ ಕುಂಡಗಳಲ್ಲಿ ಅದನ್ನು ತುಂಬಿ, ಬೇರೆ ಮೂರರಲ್ಲಿ ನಂಬಿಕೆಯ ಹಳೆಯ ಮಿಶ್ರಣ ತುಂಬಿ, ಎಲ್ಲದರಲ್ಲೂ ಬಟಾಣಿ ಬಿತ್ತುತ್ತೇನೆ. ಮೂರು ನಾಲ್ಕು ವಾರಗಳಲ್ಲಿ ಹೊಸ ಕುಂಡಗಳ ಎಲೆಗಳು ಮಾತ್ರ ಬಟ್ಟಲಿನಂತೆ ಮುದುಡಿದರೆ ಆ ಮಿಶ್ರಣವನ್ನು ಮುಟ್ಟುವುದಿಲ್ಲ.

ಕುಂಡದ ತಳಕ್ಕೆ ಜಲ್ಲಿ ಹಾಸಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆಯನ್ನೂ ಬಿಡಿ. ನುಣ್ಣನೆಯ ಮಿಶ್ರಣದಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲೆಯೇ ನಿಂತು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ಕುಂಡದ ನಿಂಬೆ (ಮರಳಿ)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಜಾಡಿಯ ಪರೀಕ್ಷೆಯನ್ನು ಎರಡು ಜಾಡಿಗಳಲ್ಲಿ ಮಾಡಿದೆ. ಕೊಂಡು ತಂದ ಚೀಲದ ಮಿಶ್ರಣದಲ್ಲಿ ತಳಕ್ಕೆ ಎರಡು ಬೆರಳು ಮರಳು ಕೂತು, ಉಳಿದದ್ದೆಲ್ಲ ಮೇಲೆ ತೇಲಿತು. ನಡುವೆ ಕಾಫಿ ಬಣ್ಣದ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಹಿತ್ತಲಿನ ಹುಲ್ಲಿನ ಕೆಳಗಿನ ಮಣ್ಣಿನ ಜಾಡಿಯಲ್ಲಿ ಎರಡನೆಯ ದಿನಕ್ಕೆ ಮೂರು ಪದರಗಳು ಗೆರೆ ಎಳೆದಂತೆ ನಿಂತವು, ಜೇಡಿ ಸುಮಾರು ಐದರಲ್ಲೊಂದು ಪಾಲು. ಹೀಗಾಗಿ ಮನೆಯಲ್ಲೇ ತಯಾರಿಸಲು ನಿರ್ಧರಿಸಿದ್ದೇನೆ. ಒಂದು ಸಂದೇಹ ಉಳಿದಿದೆ. ನಿಂಬೆ ಗಿಡದ ಎಲೆಗಳು ಈಗಾಗಲೇ ಹಳದಿಯಾಗಿ ನರಗಳು ಮಾತ್ರ ಹಸಿರಾಗಿವೆ. ಸೀಮೆಸುಣ್ಣ ಸೇರಿಸಬಹುದೇ? ಮಿಶ್ರಣವನ್ನು ಒಮ್ಮೆಗೇ ಹೆಚ್ಚು ಮಾಡಿ ಇಟ್ಟುಕೊಳ್ಳಬಹುದೇ?

ಹಳೆಯ ಸಸಿಮಡಿ

ಎಳೆಯ ಎಲೆಗಳಲ್ಲಿ ನರ ಹಸಿರಾಗಿದ್ದು ನಡುವೆ ಹಳದಿಯಾಗಿದ್ದರೆ ಅದು ಹೆಚ್ಚಾಗಿ ಕಬ್ಬಿಣದ ಕೊರತೆ, ಸುಣ್ಣ ಹೆಚ್ಚಾದಷ್ಟೂ ಅದು ಉಲ್ಬಣಿಸುತ್ತದೆ. ತಮ್ಮ ಮಣ್ಣಿನ ರಸಸಾರವನ್ನು (pH) ಅಳೆದು ನೋಡಿ, 6ರಿಂದ 6.5ರೊಳಗೆ ಇದ್ದರೆ ನಿಂಬೆಗೆ ಸೀಮೆಸುಣ್ಣವನ್ನು ಪೂರ್ತಿ ಕೈಬಿಡಿ. ನೀರಿನಲ್ಲೇ ಸುಣ್ಣದಂಶವಿದ್ದರೆ ಮಳೆನೀರನ್ನು ಹಿಡಿದಿಟ್ಟು ಹಾಕಿ.

ಗೊಬ್ಬರ ಬೆರೆಸಿದ ಮಿಶ್ರಣವನ್ನು ಬಹಳ ದಿನ ಇಡಬೇಡಿ. ಗೊರಸು ಕೊಂಬಿನ ಪುಡಿ ಚೀಲದಲ್ಲೇ ಕರಗಲಾರಂಭಿಸಿ ಅಮೋನಿಯಾ ಕೂಡಿಕೊಳ್ಳುತ್ತದೆ, ಎಳೆಯ ಬೇರುಗಳು ಅದನ್ನು ತಾಳುವುದಿಲ್ಲ. ಕಳಿತ ಗೋಡು ಮಣ್ಣು, ನಾರಿನ ಪುಡಿ, ಮರಳು ಇವುಗಳನ್ನು ಬೇರೆ ಬೇರೆಯಾಗಿ ಮಳೆ ತಾಗದಂತೆ ಮುಚ್ಚಿಟ್ಟು, ಗಿಡ ಬದಲಿಸುವ ವಾರ ಬೇಕಾದಷ್ಟನ್ನೇ ಬೆರೆಸಿಕೊಳ್ಳಿ. ಹಳೆಯ ನಾರಿನ ಪುಡಿಯನ್ನು ಬೇರಿನ ಉಂಡೆಯ ಹೊರಭಾಗದಿಂದ ಎರಡು ಬೆರಳಿನಷ್ಟು ಮೆಲ್ಲನೆ ಬಿಡಿಸಿ ತೆಗೆದು ಹೊಸ ಮಿಶ್ರಣ ತುಂಬಿ. ಹಾಗೆಯೇ ಬಿಟ್ಟರೆ ಸುತ್ತಲಿನ ಮಣ್ಣು ತೇವವಿದ್ದರೂ ಒಳಗಿನ ಉಂಡೆ ಒಣಗಿಯೇ ಉಳಿಯುತ್ತದೆ.