ಗೋಡೆಯೊಳಗಿನ ಬಿಸಿನೀರಿನ ಪೈಪ್ ಎಲ್ಲಿ ಸೋರುತ್ತಿದೆ ಅಂತ ಒಡೆಯದೆ ಹುಡುಕುವುದು ಹೇಗೆ?

ಪೆರ್ಲದ ಮನೆಯವಳು:
ನಮ್ಮದು ಪೆರ್ಲದ ಹತ್ತಿರ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮನೆ. ತಾರಸಿಯಲ್ಲಿ 200 ಲೀಟರಿನ ಸೋಲಾರ್ ಇದೆ, ಅಲ್ಲಿಂದ ಬಿಸಿನೀರಿನ ಲೈನ್ ಗೋಡೆಯೊಳಗೆ ಇಳಿದು ಬಚ್ಚಲಿಗೆ ಹೋಗುತ್ತದೆ. ಮಳೆಗಾಲದಲ್ಲಿ ಪಕ್ಕದ ಕೋಣೆಯ ಗೋಡೆ ಒದ್ದೆಯಾದಾಗ ಮಳೆನೀರು ಅಂತ ಸುಮ್ನೆ ಇದ್ದೆವು. ಈಗ ಫೆಬ್ರವರಿ, ಅಂಗಳದ ಹುಲ್ಲೆಲ್ಲ ಒಣಗಿದೆ, ಗೋಡೆ ಮಾತ್ರ ಹಾಗೇ ಇದೆ. ಬಣ್ಣ ಗುಳ್ಳೆ ಎದ್ದಿದೆ, ಕೈಯಲ್ಲಿ ಒರೆಸಿದರೆ ಬಿಳಿ ಉಪ್ಪಿನಂಥ ಪುಡಿ ಬರುತ್ತದೆ. ಪ್ಲಂಬರ್ ಬಂದು ನೋಡಿ ಟೈಲ್ಸ್ ಪೂರ್ತಿ ಒಡೀಬೇಕು ಅಂದರು. ಅತ್ತೆಗೆ ಉಬ್ಬಸ, ಆ ಧೂಳು ನೆನೆಸಿದರೇ ಭಯವಾಗುತ್ತದೆ. ಬೇರೆ ದಾರಿ ಇದೆಯಾ?

ಕುಂಬಳೆ ಪೈಪ್‌ಕೆಲಸ:
ಅಕ್ಕ, ಈಗಲೇ ಒಡೆಸಬೇಡಿ. ಮೊದಲು ಯಾವ ಲೈನ್ ಅಂತ ಗೊತ್ತಾಗಬೇಕು. ರಾತ್ರಿ ಎಲ್ಲರೂ ಮಲಗುವಾಗ ಮೇಲಿನ ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲೇ ನೋಡಿ. ಟ್ಯಾಂಕ್ 1.1 ಮೀಟರ್ ಅಗಲ ಇದ್ದರೆ ಮಟ್ಟ 1 ಸೆಂಟಿಮೀಟರ್ ಇಳಿದರೂ ಸುಮಾರು 9.5 ಲೀಟರ್ ಹೋಯಿತು ಅಂತ ಲೆಕ್ಕ. ಮರುದಿನ ರಾತ್ರಿ ಸೋಲಾರಿನಿಂದ ಬಿಸಿನೀರು ಹೊರಡುವ ಗೇಟ್ ವಾಲ್ವನ್ನೂ ಮುಚ್ಚಿ ಹೀಗೇ ನೋಡಿ, ಆಗ ಮಟ್ಟ ಇಳಿಯದಿದ್ದರೆ ಸೋರುವುದು ಬಿಸಿ ಲೈನೇ. ಬಚ್ಚಲಲ್ಲಿ ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ ಇದ್ದರೆ ಅದರ ಕೆಳಗಿನ ಎರಡು ಕಾಕ್‌ಗಳನ್ನೂ ಮುಚ್ಚಬೇಕು, ಇಲ್ಲದಿದ್ದರೆ ತಣ್ಣೀರು ಅದರ ಮೂಲಕ ಬಿಸಿ ಲೈನಿಗೆ ನುಗ್ಗಿ ಲೆಕ್ಕ ತಪ್ಪುತ್ತದೆ. ಹಾಗೇ ಸೋಲಾರಿನ ಗಾಳಿ ಪೈಪಿನಿಂದ ನೀರು ಉಕ್ಕಿ ತಾರಸಿ ಮೇಲೆ ಬೀಳುತ್ತಿದೆಯಾ ಅಂತಲೂ ಹತ್ತಿ ನೋಡಿ.

ನೀರ್ಚಾಲಿನವ, ಈಗ ಇಂಗ್ಲೆಂಡ್:
ಇಲ್ಲಿ ಮನೆ ಬೆಚ್ಚಗಿಡಲು ಬಾಯ್ಲರಿನ ನೀರು ಪೈಪ್, ರೇಡಿಯೇಟರುಗಳಲ್ಲಿ ಸುತ್ತುತ್ತದೆ. ತಣ್ಣಗಿದ್ದಾಗ ಒತ್ತಡದ ಮುಳ್ಳು 1ರಿಂದ 1.5 ಬಾರ್ ತೋರಿಸಬೇಕು, ನಮ್ಮಲ್ಲಿ ಎರಡು ದಿನಕ್ಕೊಮ್ಮೆ ಇಳಿಯುತ್ತಿತ್ತು. ನಾನು ಪ್ರತಿ ಸಲ ನೀರು ತುಂಬಿಸುತ್ತಾ ಇದ್ದೆ. ಹಾಗೆ ಮಾಡಬಾರದಂತೆ, ಹೊಸ ನೀರಿನ ಜೊತೆ ಆಮ್ಲಜನಕ ಸೇರಿ ಒಳಗೆ ತುಕ್ಕು ಹಿಡಿಯುತ್ತದೆ. ಕೆಲಸದವರು ಬಾಯ್ಲರಿನ ವಾಲ್ವ್‌ಗಳನ್ನು ಮುಚ್ಚಿ ಒಂದು ರಾತ್ರಿ ಬಿಟ್ಟರು, ಬಾಯ್ಲರಿನ ಮುಳ್ಳು ಕದಲಲಿಲ್ಲ. ಅಂದರೆ ತೊಂದರೆ ಪೈಪಿನಲ್ಲಿ ಅಂತಾಯಿತು. ಆಮೇಲೆ ಬಿಸಿನೀರು ಹರಿಸಿ ಬಿಸಿ ಎಲ್ಲಿದೆ ಅಂತ ತೋರಿಸುವ ಥರ್ಮಲ್ ಕ್ಯಾಮೆರಾ ಹಿಡಿದರೆ ನೆಲದಡಿಯ ಪೈಪ್ ತೆಳ್ಳಗೆ ಗೆರೆಯ ಹಾಗೆ ಕಾಣುತ್ತಿತ್ತು, ಸೋರುವಲ್ಲಿ ಮಾತ್ರ ಅಗಲಕ್ಕೆ ಹರಡಿತ್ತು. ಕ್ಯಾಮೆರಾ ಸಿಗದಿದ್ದರೆ ಅಂಗೈ ಇಟ್ಟು ನೋಡಿ. ಬೆಳಿಗ್ಗೆ ಗೋಡೆ ತಣ್ಣಗಿರುವಾಗ ಹತ್ತು ನಿಮಿಷ ಬಿಸಿನೀರು ಬಿಟ್ಟು, ನಿಲ್ಲಿಸಿ, ಎಲ್ಲಿ ಬಿಸಿ ಬೇಗ ಹೋಗುವುದಿಲ್ಲ ಅಂತ ಹುಡುಕಿ.

ಪೆರ್ಲದ ಮನೆಯವಳು:
ಮೊದಲ ರಾತ್ರಿ ಮೂರು ಸೆಂಟಿಮೀಟರ್ ಇಳಿದಿತ್ತು, ಬಿಸಿ ಲೈನ್ ಮುಚ್ಚಿದ ರಾತ್ರಿ ಗುರುತು ಇದ್ದಲ್ಲೇ ಇತ್ತು! ಅಂಗೈ ಇಟ್ಟಾಗ ಶವರಿನ ಕೆಳಗೆ ಒಂದು ಟೈಲ್ ಅರ್ಧ ಗಂಟೆಯಾದರೂ ಬೆಚ್ಚಗಿತ್ತು. ಇವತ್ತು ಎರಡೇ ಟೈಲ್ ತೆಗೆಸಿದೆವು. ಸಿಪಿವಿಸಿ (ಬಿಸಿನೀರಿಗೆ ಹಾಕುವ ಪ್ಲಾಸ್ಟಿಕ್ ಪೈಪ್) ಎಲ್ಬೋದ ಹಿತ್ತಾಳೆ ತಿರುಪಿನ (ಥ್ರೆಡ್) ಹತ್ತಿರ ಕೂದಲೆಳೆಯಷ್ಟು ಬಿರುಕು, ನೀರು ಮಣಿ ಮಣಿಯಾಗಿ ಬರುತ್ತಿತ್ತು. ಅತ್ತೆ ಪಕ್ಕದ ಕೋಣೆಯಲ್ಲಿ ಆರಾಮವಾಗಿದ್ದಾರೆ.

ಕುಂಬಳೆ ಪೈಪ್‌ಕೆಲಸ:
ಒಳ್ಳೆದಾಯ್ತು ಅಕ್ಕ. ಸಿಪಿವಿಸಿಗೆ ಅದರದ್ದೇ ಅಂಟು ಹಾಕಿಸಿ, ಪಿವಿಸಿಯದ್ದು ಬೇಡ. ಅಂಟು ಪೂರ್ತಿ ಒಣಗಿದ ಮೇಲೆ ಕೈಪಂಪಿನಲ್ಲಿ ಒತ್ತಡ ಕೊಟ್ಟು ಮುಳ್ಳು ನಿಲ್ಲುತ್ತದಾ ನೋಡಿಯೇ ಟೈಲ್ ಮುಚ್ಚಿಸಿ. ಬಿಸಿಗೆ ಈ ಪೈಪ್ ಜಾಸ್ತಿ ಹಿಗ್ಗುತ್ತದೆ, ಸಿಮೆಂಟಿನಲ್ಲಿ ಬಿಗಿಯಾಗಿ ಹೂತರೆ ಜಾಯಿಂಟಿನ ಮೇಲೆ ಎಳೆತ ಬೀಳುತ್ತದೆ, ಸುತ್ತ ಫೋಮ್ ಸುತ್ತಿಸಿ. ಬಣ್ಣಕ್ಕೆ ಅವಸರ ಮಾಡಬೇಡಿ, ಮುರಕಲ್ಲು ಕುಡಿದ ನೀರು ಬಿಡಲು ವಾರಗಟ್ಟಲೆ ಬೇಕು.